ಕಾರು ಚಾಲೂ ಆಗಿ ನಾಲ್ಕೈದು ಸೆಕೆಂಡಿನಲ್ಲಿ ನಿಲ್ಲುತ್ತದೆ: ಪಂಪ್ ಬದಲಿಸಿದರೂ ಹೋಗದ ಕಾಯಿಲೆ

ಅಡಿಕೆತೋಟ | ಶನಿವಾರ ಬೆಳಿಗ್ಗೆ 9.10

ಎಲ್ಲರಿಗೂ ನಮಸ್ಕಾರ. ಹದಿನೆಂಟು ಸಾವಿರ ರೂಪಾಯಿ ಕಳೆದುಕೊಳ್ಳುವ ಮುನ್ನ ಒಮ್ಮೆ ಇಲ್ಲಿ ಕೇಳಿಬಿಡೋಣ ಎಂದು ಬರೆಯುತ್ತಿದ್ದೇನೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಯ ದಾರಿಯಲ್ಲಿ ಸ್ವಲ್ಪ ಒಳಗೆ. ಕಾರು 2011ರ ಸಣ್ಣ ಪೆಟ್ರೋಲ್ ಗಾಡಿ, ಓಡಿದ್ದು 94,000 ಕಿಲೋಮೀಟರ್. ಕೊಟ್ಟಿಗೆಯ ಪಕ್ಕದಲ್ಲಿ ಶೀಟಿನ ಮಾಡಿನ ಕೆಳಗೆ ನಿಲ್ಲುತ್ತದೆ. ಮಳೆ ಹಿಡಿದ ಮೇಲೆ ತೋಟಕ್ಕೆ ಕೊಳೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಮೂರು ವಾರ ಅದನ್ನು ಮುಟ್ಟಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಸೆಲ್ಫ್ ಕೊಟ್ಟರೆ ತಕ್ಷಣ ಚಾಲೂ ಆಯಿತು, ನಾಲ್ಕೈದು ಸೆಕೆಂಡು ಓಡಿತು, ನಿಂತಿತು. ಮತ್ತೆ ಕೊಟ್ಟೆ, ಮತ್ತೆ ಅದೇ. ಏಳೆಂಟು ಸಲ ಹೀಗೆ ಆದ ಮೇಲೆ ಹೇಗೋ ಹಿಡಿದುಕೊಂಡಿತು.

ಪೇಟೆಯ ಗ್ಯಾರೇಜಿನಲ್ಲಿ ಮೊದಲು ಸ್ಪಾರ್ಕ್ ಪ್ಲಗ್ ಬದಲಿಸಿದರು. ಹೋಗಲಿಲ್ಲ. ಆಮೇಲೆ ಪೆಟ್ರೋಲ್ ಪಂಪ್ ಬದಲಿಸಿದರು, ಕೂಲಿ ಸೇರಿ 7,200 ರೂಪಾಯಿ. ಎರಡು ದಿನ ಮಳೆ ಹೊಳವಾಗಿತ್ತು, ಗಾಡಿಯೂ ಚೆನ್ನಾಗಿತ್ತು. ಮೂರನೆಯ ದಿನ ಮತ್ತೆ ಅದೇ ರಾಗ. ಈಗ ‘ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, 18,000 ಆಗುತ್ತದೆ’ ಎನ್ನುತ್ತಿದ್ದಾರೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹೊತ್ತಿಲ್ಲ.

ಇನ್ನೊಂದು ಮಾತು. ಇತ್ತೀಚೆಗೆ ರೇಡಿಯೇಟರ್ ಫ್ಯಾನ್ ಮೊದಲಿಗಿಂತ ಬೇಗ ತಿರುಗಲು ಶುರುಮಾಡುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದಕ್ಕೂ ಇದಕ್ಕೂ ಸಂಬಂಧ ಇರಲಾರದು, ಆದರೂ ಬರೆದಿದ್ದೇನೆ.

ಘಾಟಿಸವಾರ | ಶನಿವಾರ ಬೆಳಿಗ್ಗೆ 9.32

ಬೇರೇನೂ ಯೋಚಿಸಬೇಡಿ, ಇದು ಇ20, ಅಂದರೆ ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲಿನ ಕೆಲಸ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮೂರು ವಾರ ನಿಂತ ಗಾಡಿ, ಅದೂ ಆಗುಂಬೆಯ ಮಳೆಯಲ್ಲಿ. ಟ್ಯಾಂಕ್ ಖಾಲಿ ಮಾಡಿಸಿ.

ಕೀಲಿಕೈ | ಶನಿವಾರ ಬೆಳಿಗ್ಗೆ 9.50

ನನ್ನ ಕಾರಿನಲ್ಲಿ ಇದೇ ಆಗಿತ್ತು, ಕಾರಣ ಇಮ್ಮೊಬಿಲೈಸರ್. ಕೀಲಿಯೊಳಗಿನ ಸಣ್ಣ ಚಿಪ್ ಅನ್ನು ಗಾಡಿ ಗುರುತಿಸದಿದ್ದರೆ ಎಂಜಿನ್ ಚಾಲೂ ಆಗಿ ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಬೀಗದ ಅಥವಾ ಕೀಲಿಯ ಚಿತ್ರವಿರುವ ದೀಪ ಮಿಣುಕುತ್ತದೆ. ನಾನು ಎರಡು ಕಾರುಗಳ ಕೀಲಿಗಳನ್ನು ಒಂದೇ ಗೊಂಚಲಿನಲ್ಲಿ ಹಾಕಿಕೊಂಡಿದ್ದೆ, ಒಂದರ ಚಿಪ್ ಇನ್ನೊಂದಕ್ಕೆ ಅಡ್ಡ ಬರುತ್ತಿತ್ತು. ಬೇರ್ಪಡಿಸಿದೆ, ಸರಿಹೋಯಿತು. ಮನೆಯಲ್ಲಿ ಎತ್ತಿಟ್ಟಿರುವ ಎರಡನೆಯ ಕೀಲಿಯನ್ನು ಹಾಕಿ ನೋಡಿ, ಖರ್ಚೇನೂ ಇಲ್ಲ.

ಹಳೇಮೇಸ್ತ್ರಿ | ಶನಿವಾರ ಬೆಳಿಗ್ಗೆ 11.15

ಸ್ವಲ್ಪ ತಡೆಯಿರಿ. ಪ್ಲಗ್ ಆಯಿತು, ಪಂಪ್ ಆಯಿತು, ಇನ್ನು ಇಸಿಯು. ಒಂದೊಂದೇ ಸಾಮಾನು ಬದಲಿಸುತ್ತ ಹೋಗಿ ಕೊನೆಗೆ ಹೊಸ ಕಾರನ್ನೇ ಕಟ್ಟುವುದಕ್ಕೆ ರೋಗಪತ್ತೆ ಎನ್ನುವುದಿಲ್ಲ. ನಾನು ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಗ್ಯಾರೇಜ್ ನಡೆಸಿದವನು. ಇಂಥ ಗಾಡಿ ಬಂದಾಗ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಎಂಜಿನ್ ಯಾವ ರೀತಿ ಸಾಯುತ್ತದೆ?

ಸ್ವಿಚ್ ಆರಿಸಿದ ಹಾಗೆ ತಟ್ಟನೆ ನಿಂತರೆ ವಿದ್ಯುತ್ತಿನ ಕಡೆ ನೋಡಬೇಕು. ಇಮ್ಮೊಬಿಲೈಸರ್, ಕೀಲಿ ಸ್ವಿಚ್, ರಿಲೇ, ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಎಲ್ಲ ಈ ಗುಂಪಿನವು. ಸೆಲ್ಫ್ ಕೊಡುವಾಗ ಓಡಿ, ಕೀಲಿ ಬಿಟ್ಟ ಕ್ಷಣವೇ ನಿಂತರೆ ಕೀಲಿ ಸ್ವಿಚ್ಚಿನ ಮೇಲೆ ಅನುಮಾನ. ಒಳಗಿನ ಸಂಪರ್ಕ ಸವೆದಿದ್ದರೆ ‘ಸ್ಟಾರ್ಟ್’ ಸ್ಥಾನದಲ್ಲಿ ಕರೆಂಟ್ ಇರುತ್ತದೆ, ‘ಆನ್’ ಸ್ಥಾನಕ್ಕೆ ಮರಳಿದಾಗ ಇರುವುದಿಲ್ಲ. ಕ್ರ್ಯಾಂಕ್ ಸೆನ್ಸರ್ ಸಾಮಾನ್ಯವಾಗಿ ಬಿಸಿಯಾದ ಮೇಲೆ ಕೈಕೊಡುತ್ತದೆ, ಅರ್ಧ ಗಂಟೆ ತಣ್ಣಗಾದರೆ ಏನೂ ಆಗಿಲ್ಲ ಎಂಬಂತೆ ಓಡುತ್ತದೆ.

ಕೆಮ್ಮುತ್ತ, ನಡುಗುತ್ತ, ಉಸಿರು ಕಟ್ಟಿದ ಹಾಗೆ ನಿಧಾನವಾಗಿ ನಿಂತರೆ ಕೊರತೆ ಗಾಳಿಯದು ಇಲ್ಲವೇ ಪೆಟ್ರೋಲಿನದು. ಇದರಲ್ಲಿಯೂ ಎರಡು ಬಗೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದಾಗ ಓಡುತ್ತಲೇ ಇದ್ದರೆ ಪಂಪ್ ಬಹುಮಟ್ಟಿಗೆ ಸರಿ ಇದೆ, ತೊಂದರೆ ಇರುವುದು ಐಡ್ಲಿಂಗಿನಲ್ಲಿ, ಅಂದರೆ ಪೆಡಲ್ ಒತ್ತದೆ ಎಂಜಿನ್ ತಾನಾಗಿ ಓಡುವಾಗ. ಒತ್ತಿದಷ್ಟೂ ಇನ್ನೂ ಬೇಗ ಸತ್ತರೆ ಪೆಟ್ರೋಲ್ ಸಾಲುತ್ತಿಲ್ಲ.

ಪಂಪ್ ಬದಲಿಸುವ ಮುಂಚೆ ಮಾಡಬೇಕಾಗಿದ್ದ ಪರೀಕ್ಷೆಗೆ ಒಂದು ಪೈಸೆಯೂ ಬೇಡ. ಕೀಲಿಯನ್ನು ‘ಆನ್’ಗೆ ಮಾತ್ರ ತಿರುಗಿಸಿ, ಹಿಂದಿನ ಸೀಟಿಗೆ ಕಿವಿ ಕೊಡಿ. ಎರಡು ಮೂರು ಸೆಕೆಂಡು ಗುಂಯ್ ಎಂದು ಸದ್ದು ಬಂದು ನಿಂತರೆ ಪಂಪಿಗೂ ಅದರ ರಿಲೇಗೂ ಕರೆಂಟ್ ಸಿಗುತ್ತಿದೆ. ಒತ್ತಡ ಎಷ್ಟಿದೆ ಎನ್ನುವುದಕ್ಕೆ ಗೇಜ್ ಬೇಕು. ಇಂಥ ಗಾಡಿಗಳಲ್ಲಿ ಸುಮಾರು 3 ಬಾರ್ ಇರಬೇಕು.

ಆದ್ದರಿಂದ, ತೋಟದವರೇ, ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ತಟ್ಟನೆ ಸಾಯುತ್ತದೆಯೋ, ಕೆಮ್ಮಿ ಸಾಯುತ್ತದೆಯೋ? ಪೆಡಲ್ ಒತ್ತಿದರೆ ಬದುಕುತ್ತದೆಯೋ? ಬಿಸಿಯಾದ ಮೇಲೂ ಹೀಗೆ ಮಾಡುತ್ತದೆಯೋ? ಪರೀಕ್ಷೆ ಮಾಡುವಾಗ ಗಾಡಿಯನ್ನು ಬಯಲಿಗೆ ತಳ್ಳಿಕೊಳ್ಳಿ, ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ.

ಅಡಿಕೆತೋಟ | ಶನಿವಾರ ಸಂಜೆ 6.20

ಮೇಸ್ತ್ರಿಗಳೇ, ತುಂಬ ಉಪಕಾರವಾಯಿತು. ಎರಡನೆಯ ಕೀಲಿಯಲ್ಲಿಯೂ ಅದೇ ಆಗುತ್ತದೆ, ಬೀಗದ ದೀಪ ಮಿಣುಕುವುದಿಲ್ಲ. ಪಂಪಿನ ಸದ್ದು ಸ್ಪಷ್ಟವಾಗಿ ಕೇಳಿಸಿತು. ಎಂಜಿನ್ ಕೆಮ್ಮಿಯೇ ಸಾಯುತ್ತದೆ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು) ತೋರಿಸುವ ಮುಳ್ಳು 500ಕ್ಕೆ ಇಳಿದು ನಡುಗಿ ನಿಲ್ಲುತ್ತದೆ. ಪೆಡಲ್ ಒತ್ತಿದರೆ ಬದುಕುತ್ತದೆ. ಬಿಸಿಯಾದ ಮೇಲೆ ಎಷ್ಟು ಸಲ ನಿಲ್ಲಿಸಿ ಚಾಲೂ ಮಾಡಿದರೂ ದೂರಿಲ್ಲ.

ಹಳೇಮೇಸ್ತ್ರಿ | ಶನಿವಾರ ರಾತ್ರಿ 8.05

ಹಾಗಾದರೆ ಇಮ್ಮೊಬಿಲೈಸರ್, ಕೀಲಿ ಸ್ವಿಚ್, ಪಂಪ್ ಮೂರನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಇಸಿಯುವನ್ನಂತೂ ಮರೆತುಬಿಡಿ. ಇಸಿಯು ಕೆಡುವುದು ಅಪರೂಪ. ಬೇರೇನೂ ತೋಚದಿದ್ದಾಗ ಗ್ಯಾರೇಜಿನವರ ಬಾಯಿಗೆ ಬರುವ ಹೆಸರು ಅದು.

ಮೊದಲ ಅನುಮಾನ ಥ್ರಾಟಲ್ ಬಾಡಿ, ಅಂದರೆ ಎಂಜಿನ್‌ಗೆ ಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಭಾಗ. ಪೆಡಲ್ ಬಿಟ್ಟಾಗ ಥ್ರಾಟಲಿನ ಬಾಗಿಲು ಮುಚ್ಚಿರುತ್ತದೆ. ಎಂಜಿನ್ ಉಸಿರಾಡುವುದು ಪಕ್ಕದ ಸಣ್ಣ ದಾರಿಯಿಂದ. ಆ ದಾರಿಯನ್ನು ಹಿಗ್ಗಿಸಿ ಕುಗ್ಗಿಸಲು ಒಂದು ಪುಟ್ಟ ಮೋಟಾರ್ ಇರುತ್ತದೆ, ಅದಕ್ಕೆ ಐಡಲ್ ವಾಲ್ವ್ ಎನ್ನುತ್ತಾರೆ. ತೊಂಬತ್ತು ಸಾವಿರ ಓಡಿದ ಗಾಡಿಯಲ್ಲಿ ಅಲ್ಲಿ ಕಾರ್ಬನ್ ಅಂಟಿಕೊಂಡಿರದಿದ್ದರೆ ನನಗೇ ಆಶ್ಚರ್ಯ. ಕೀಲಿ ತೆಗೆದು, ಬ್ಯಾಟರಿಯ ಮೈನಸ್ ಬಿಚ್ಚಿ, ಗಾಳಿಯ ಕೊಳವೆ ಕಳಚಿ, ಥ್ರಾಟಲ್ ಕ್ಲೀನರ್ ಅನ್ನು ಬಟ್ಟೆಗೆ ಹಾಕಿ ಒರೆಸಿ. ಅದು ಬೇಗ ಬೆಂಕಿ ಹಿಡಿಯುವ ವಸ್ತು, ಬಿಸಿ ಎಂಜಿನ್ ಮೇಲೆ ಎರಚಬೇಡಿ. ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಆಗಿದ್ದರೆ ಕೀಲಿ ಆನ್ ಇರುವಾಗ ಬಾಗಿಲನ್ನು ಬೆರಳಿನಿಂದ ತಳ್ಳಲೇಬೇಡಿ. ಮರಳಿ ಜೋಡಿಸಿದ ಮೇಲೆ ಎಸಿ, ದೀಪ ಏನನ್ನೂ ಹಾಕದೆ ಹತ್ತು ನಿಮಿಷ ಐಡ್ಲಿಂಗಿನಲ್ಲಿ ಬಿಡಿ. ಎಷ್ಟು ಗಾಳಿ ಬೇಕು ಎಂಬುದನ್ನು ಇಸಿಯು ಹೊಸದಾಗಿ ಕಲಿಯಬೇಕಾಗುತ್ತದೆ.

ಘಾಟಿಸವಾರರಿಗೆ: ಎಥನಾಲ್ ನೀರು ಕುಡಿಯುತ್ತದೆ ಎನ್ನುವುದು ನಿಜ. ಚಳಿಯಲ್ಲಿ ಅದು ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ಅದೂ ನಿಜ. ಆದರೆ ಟ್ಯಾಂಕಿನಲ್ಲಿ ನೀರಿದ್ದರೆ ಬಿಸಿಯಾದ ಮೇಲೂ ಎಂಜಿನ್ ಮಿಸ್ಸಿಂಗ್ ಹೊಡೆಯಬೇಕಿತ್ತು. ಎಲ್ಲ ಕಾಯಿಲೆಗೂ ಒಬ್ಬನನ್ನೇ ಬೈಯುವುದು ಸುಲಭ.

ಬಯಲುಸೀಮೆ | ಭಾನುವಾರ ಬೆಳಿಗ್ಗೆ 7.30

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ಡೀಸೆಲ್ ಗಾಡಿ. ಬೆಳಿಗ್ಗೆ ಚಾಲೂ ಆಗಿ ನಿಲ್ಲುತ್ತದೆ, ಆಮೇಲೆ ತುಂಬ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ. ನನಗೂ ಥ್ರಾಟಲ್ ತೊಂದರೆಯೇ?

ಹಳೇಮೇಸ್ತ್ರಿ | ಭಾನುವಾರ ಬೆಳಿಗ್ಗೆ 8.00

ಅಲ್ಲ. ನಿಮ್ಮದು ಡೀಸೆಲ್ ಲೈನಿನಲ್ಲಿ ಗಾಳಿ ಸೇರಿಕೊಂಡ ಲಕ್ಷಣ. ಫಿಲ್ಟರಿನಲ್ಲಿ ಉಳಿದಿರುವ ಡೀಸೆಲ್ ಮುಗಿಯುವವರೆಗೆ ಓಡುತ್ತದೆ, ಗಾಳಿಯ ಗುಳ್ಳೆ ಪಂಪಿಗೆ ತಲುಪಿದಾಗ ನಿಲ್ಲುತ್ತದೆ. ಕೈ ಪಂಪ್ ಇದ್ದರೆ ಗಟ್ಟಿಯಾಗುವವರೆಗೆ ಒತ್ತಿ ನಂತರ ಸೆಲ್ಫ್ ಕೊಡಿ. ಒಂದೇ ಏಟಿಗೆ ಹಿಡಿದುಕೊಂಡರೆ ಫಿಲ್ಟರಿನ ರಬ್ಬರ್ ಉಂಗುರ, ಕೊಳವೆಯ ಕ್ಲಿಪ್‌ಗಳನ್ನು ನೋಡಿಸಿ. ಮುಂದಿನದಕ್ಕೆ ದಯವಿಟ್ಟು ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಎರಡು ರೋಗಿಗಳು ಒಂದೇ ಹಾಸಿಗೆಯಲ್ಲಿ ಮಲಗುವುದು ಬೇಡ.

ಅಡಿಕೆತೋಟ | ಭಾನುವಾರ ಸಂಜೆ 5.45

ಗೆದ್ದೆವು! ಥ್ರಾಟಲ್ ಬಾಡಿಯಲ್ಲಿ ಒಲೆಯ ಮೇಲಿನ ಮಾಡಿನ ಹಾಗೆ ಮಸಿ ಹಿಡಿದಿತ್ತು. ಮಧ್ಯಾಹ್ನ ಮಳೆ ಬಿಟ್ಟಾಗ ಒರೆಸಿದೆ, ನೀವು ಹೇಳಿದಂತೆ ಹತ್ತು ನಿಮಿಷ ಬಿಟ್ಟೆ. ಮುಳ್ಳು 800ರಲ್ಲಿ ಕಲ್ಲಿನಂತೆ ನಿಂತಿದೆ. ಮೇಸ್ತ್ರಿಗಳಿಗೆ ಒಂದು ಗೊನೆ ಬಾಳೆಹಣ್ಣು ಬಾಕಿ.

ಅಡಿಕೆತೋಟ | ಸೋಮವಾರ ಬೆಳಿಗ್ಗೆ 7.05

ಬಾಳೆಹಣ್ಣಿನ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ರಾತ್ರಿಯಿಡೀ ಸುರಿಯಿತು. ಬೆಳಿಗ್ಗೆ ಚಾಲೂ, ಐದು ಸೆಕೆಂಡು, ಕೆಮ್ಮು, ಸಾವು. ಮಗಳನ್ನು ಬಸ್ಸಿಗೆ ಬಿಡಲು ಬೈಕ್ ತೆಗೆಯಬೇಕಾಯಿತು, ಇಬ್ಬರೂ ನೆನೆದೆವು.

ಕರಾವಳಿಗ | ಸೋಮವಾರ ಬೆಳಿಗ್ಗೆ 8.40

ಎಲ್ಲಾದರೂ ಗಾಳಿ ಒಳಗೆ ಸೋರುತ್ತಿರಬೇಕು. ಎಂಜಿನ್‌ಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಸುತ್ತಲಿನ ರಬ್ಬರ್ ಕೊಳವೆಗಳು, ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಕೊಳವೆ, ಒಂದೊಂದನ್ನೂ ಬೆರಳಿನಿಂದ ಹಿಡಿದು ನೋಡಿ. ಬಿರುಕಿದ್ದರೆ ಉಸ್ ಎಂಬ ಸದ್ದೂ ಕೇಳುತ್ತದೆ.

ಹಳೇಮೇಸ್ತ್ರಿ | ಸೋಮವಾರ ಬೆಳಿಗ್ಗೆ 10.20

ನನ್ನ ಮೊದಲ ಊಹೆ ಅರ್ಧ ಮಾತ್ರ ಸರಿಯಾಯಿತು, ಒಪ್ಪಿಕೊಳ್ಳುತ್ತೇನೆ. ಮಸಿ ಇದ್ದದ್ದು ಹೌದು, ಕಾಯಿಲೆ ಅದಲ್ಲ.

ಕರಾವಳಿಗರ ಸಲಹೆಯಂತೆ ಕೊಳವೆಗಳನ್ನು ನೋಡುವುದು ಒಳ್ಳೆಯದೇ. ಆದರೆ ಒಳಬರುವ ಗಾಳಿಯನ್ನೇ ಅಳೆಯುವ ಸೆನ್ಸರ್ ಇರುವ ಎಂಜಿನ್‌ಗಳಲ್ಲಿ, ಲೆಕ್ಕಕ್ಕೆ ಸಿಗದ ಗಾಳಿ ನುಗ್ಗಿದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ನಿಲ್ಲುತ್ತದೆ. ನಮ್ಮ ಅನೇಕ ಸಣ್ಣ ಕಾರುಗಳಲ್ಲಿ ಅಳೆಯುವುದು ಮ್ಯಾನಿಫೋಲ್ಡಿನ ಒತ್ತಡವನ್ನು. ಅಲ್ಲಿ ಗಾಳಿ ಸೋರಿದರೆ ಒತ್ತಡ ಏರುತ್ತದೆ, ಇಸಿಯು ಪೆಟ್ರೋಲನ್ನೂ ಏರಿಸುತ್ತದೆ, ಐಡ್ಲಿಂಗ್ ಇಳಿಯುವ ಬದಲು ಏರುತ್ತದೆ. ನಿಮ್ಮದು ಬಿಸಿಯಾದಾಗ 800ರಲ್ಲಿ ನಿಲ್ಲುತ್ತದೆ ಎಂದಿರಿ. ಹಾಗಾಗಿ ನನಗೆ ಸೋರಿಕೆಯ ಮೇಲೆ ನಂಬಿಕೆ ಕಡಿಮೆ.

ಓಮಿನನಿಯಮ | ಸೋಮವಾರ ಮಧ್ಯಾಹ್ನ 1.15

ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು, ಮೆಕ್ಯಾನಿಕ್ ಅಲ್ಲ. ಇಡೀ ಚರ್ಚೆಯನ್ನು ಎರಡು ಸಲ ಓದಿದೆ. ನಿಮ್ಮ ಮನೆಯವರು ಹೇಳಿದ ಫ್ಯಾನಿನ ಮಾತನ್ನು ಇಲ್ಲಿ ಯಾರೂ ಕಿವಿಗೆ ಹಾಕಿಕೊಂಡಿಲ್ಲ.

ಫ್ಯಾನ್ ಯಾವಾಗ ತಿರುಗಬೇಕು ಎಂದು ಇಸಿಯು ನಿರ್ಧರಿಸುವುದು ಕೂಲಂಟ್ (ಎಂಜಿನ್ ತಂಪಿಡುವ ದ್ರವ) ಉಷ್ಣತೆಯ ಸೆನ್ಸರ್ ನೋಡಿ. ತಣ್ಣನೆಯ ಎಂಜಿನ್‌ಗೆ ಎಷ್ಟು ಹೆಚ್ಚು ಪೆಟ್ರೋಲ್, ಎಷ್ಟು ಹೆಚ್ಚು ಗಾಳಿ ಕೊಡಬೇಕು ಎಂದು ನಿರ್ಧರಿಸುವುದೂ ಅದೇ ಸೆನ್ಸರ್ ನೋಡಿ. ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ಚೋಕ್ ಎಳೆಯುವ ಕೈ ನಮ್ಮದಾಗಿತ್ತು. ಈಗ ಆ ಕೈ ಈ ಸೆನ್ಸರಿನದು. ನಿಜಕ್ಕಿಂತ ಹೆಚ್ಚು ಬಿಸಿ ಇದೆ ಎಂದು ಅದು ಸುಳ್ಳು ಹೇಳಿದರೆ ಫ್ಯಾನ್ ಬೇಗ ತಿರುಗುತ್ತದೆ, ಮತ್ತು ಬೆಳಿಗ್ಗೆ ಯಾರೂ ಚೋಕ್ ಎಳೆಯುವುದಿಲ್ಲ. ಹೊಗೆಕೊಳವೆಯ ಆಮ್ಲಜನಕ ಸೆನ್ಸರ್ ತಪ್ಪನ್ನು ತಿದ್ದಬಹುದಿತ್ತು, ಆದರೆ ಅದು ಸುಮಾರು 300 ಡಿಗ್ರಿ ಕಾಯುವವರೆಗೆ ಕೆಲಸ ಮಾಡುವುದಿಲ್ಲ.

ಇಸಿಯು ಕಾಣುವ ಅಂಕಿಗಳನ್ನು ಮೊಬೈಲಿನಲ್ಲಿ ತೋರಿಸುವ ಬ್ಲೂಟೂತ್ ಒಬಿಡಿ ರೀಡರ್ ಯಾರ ಬಳಿಯಾದರೂ ಇದ್ದರೆ ಒಂದು ದಿನದ ಮಟ್ಟಿಗೆ ತನ್ನಿ. ನಾಳೆ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಕೀಲಿಯನ್ನು ಆನ್ ಮಾತ್ರ ಮಾಡಿ, ಎರಡು ಅಂಕಿಗಳನ್ನು ನೋಡಿ: ಕೂಲಂಟ್ ಉಷ್ಣತೆ, ಒಳಬರುವ ಗಾಳಿಯ ಉಷ್ಣತೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ಇರಬೇಕು.

ಅಡಿಕೆತೋಟ | ಮಂಗಳವಾರ ಬೆಳಿಗ್ಗೆ 6.50

ಮೇಡಂ, ಕೈ ನಡುಗುತ್ತಿದೆ. ಪಕ್ಕದ ಊರಿನ ಟ್ಯಾಕ್ಸಿಯವರಿಂದ ರೀಡರ್ ತಂದಿದ್ದೆ. ಹೊರಗೆ ಜಡಿಮಳೆ. ಗಾಳಿ 21 ಡಿಗ್ರಿ. ಕೂಲಂಟ್ 61 ಡಿಗ್ರಿ! ನಿನ್ನೆ ಬೆಳಿಗ್ಗೆಯಿಂದ ಎಂಜಿನ್ ಮುಟ್ಟಿಯೇ ಇಲ್ಲ. ತಪ್ಪಿನ ಕೋಡ್ ಒಂದೂ ಇಲ್ಲ.

ಓಮಿನನಿಯಮ | ಮಂಗಳವಾರ ಬೆಳಿಗ್ಗೆ 7.20

ಕೋಡ್ ಬರುವುದಿಲ್ಲ. ತಂತಿ ಪೂರ್ತಿ ಕಡಿದಿದ್ದರೆ ಪಿ 0118, ಪೂರ್ತಿ ಒಂದಕ್ಕೊಂದು ತಾಗಿದ್ದರೆ ಪಿ 0117 ಬರುತ್ತಿತ್ತು. 61 ಎನ್ನುವುದು ಇಸಿಯು ಕಣ್ಣಿಗೆ ಮರ್ಯಾದಸ್ಥ ಅಂಕಿ, ಅನುಮಾನಿಸಲು ಕಾರಣವಿಲ್ಲ.

ಆದರೆ ಹೊಸ ಸೆನ್ಸರ್ ತರಲು ಈಗಲೇ ಓಡಬೇಡಿ. ಕೀಲಿ ಆರಿಸಿ ಸೆನ್ಸರಿನ ಪ್ಲಗ್ ಕೀಳಿ, ಮತ್ತೆ ಕೀಲಿ ಆನ್ ಮಾಡಿ ರೀಡರ್ ನೋಡಿ. ತಂತಿಗಳು ಸರಿ ಇದ್ದರೆ ಮೈನಸ್ 40ರ ಹತ್ತಿರ ತೋರಿಸಬೇಕು, ಕೆಲವು ಗಾಡಿಗಳು ಬದಲಿ ಅಂಕಿಯೊಂದನ್ನು ತೋರಿಸಿ ಎಂಜಿನ್ ದೀಪ ಹೊತ್ತಿಸುತ್ತವೆ. ಫ್ಯಾನ್ ತಾನಾಗಿ ತಿರುಗಿದರೆ ಹೆದರಬೇಡಿ, ಕೈ ದೂರವಿಡಿ. ಮಲ್ಟಿಮೀಟರ್ ಇದ್ದರೆ ಸೆನ್ಸರಿನ ಎರಡು ಪಿನ್‌ಗಳ ನಡುವಿನ ಓಮ್ ಕೂಡ ಅಳೆಯಿರಿ.

ಅಡಿಕೆತೋಟ | ಮಂಗಳವಾರ ಬೆಳಿಗ್ಗೆ 7.55

ಪ್ಲಗ್ ಕಿತ್ತಾಗ 52 ಡಿಗ್ರಿ. ಸೆನ್ಸರ್ 2.3 ಕಿಲೋ ಓಮ್. ಪಂಪ್‌ಸೆಟ್ ರಿಪೇರಿಗೆ ಇಟ್ಟುಕೊಂಡಿದ್ದ ಮೀಟರ್ ಇದು, ಅಷ್ಟು ನಿಖರವೋ ಇಲ್ಲವೋ. ಸೆನ್ಸರ್ ಕಿತ್ತ ಮೇಲೂ 52 ಹೇಗೆ ಬರುತ್ತದೆ?

ಓಮಿನನಿಯಮ | ಮಂಗಳವಾರ ಬೆಳಿಗ್ಗೆ 8.30

ಸೆನ್ಸರ್ ನಿರಪರಾಧಿ. ಇಂಥ ಸೆನ್ಸರ್‌ಗಳು ಬಿಸಿಯಾದಷ್ಟೂ ಓಮ್ ಇಳಿಯುವ ಜಾತಿಯವು. 20 ಡಿಗ್ರಿಯಲ್ಲಿ ಸುಮಾರು 2.4 ಕಿಲೋ ಓಮ್, 60 ಡಿಗ್ರಿಯಲ್ಲಿ ಸುಮಾರು 600 ಓಮ್, 80ರಲ್ಲಿ ಸುಮಾರು 300. ನಿಮ್ಮ ಮೀಟರ್ ಹೇಳಿದ 2.3 ಈ ಬೆಳಗಿನ ಚಳಿಗೆ ಸರಿಯಾಗಿದೆ.

ಪ್ಲಗ್ ಕಿತ್ತ ಮೇಲೂ 52 ಬಂತು ಎಂದರೆ ಸೆನ್ಸರಿಗೆ ಹೋಗುವ ಎರಡು ತಂತಿಗಳ ನಡುವೆ ಎಲ್ಲೋ ಸುಮಾರು 750 ಓಮ್‌ನ ಕಳ್ಳದಾರಿ ಇದೆ. ಈಗ ಲೆಕ್ಕ ಮಾಡಿ. 2,300 ಮತ್ತು 750 ಪಕ್ಕಪಕ್ಕದಲ್ಲಿ ಜೋಡಿಸಿದಂತೆ: ಎರಡನ್ನೂ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿದರೆ ಸುಮಾರು 565 ಓಮ್. ಅಂದರೆ 61 ಡಿಗ್ರಿಯ ಆಸುಪಾಸು. ನೀವು ಪ್ಲಗ್ ಕೀಳುವ ಮೊದಲು ಕಂಡದ್ದು ಅದನ್ನೇ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ, ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ.

ಪ್ಲಗ್‌ನಿಂದ ಹಿಂದಕ್ಕೆ ತಂತಿಗಳ ಮೇಲಿನ ಕವಚ ಬಿಡಿಸುತ್ತ ಹೋಗಿ.

ಹಳೇಮೇಸ್ತ್ರಿ | ಮಂಗಳವಾರ ಬೆಳಿಗ್ಗೆ 9.00

ಮೇಡಂ, ನಮಸ್ಕಾರ. ಮೂವತ್ತು ವರ್ಷದಲ್ಲಿ ನಾನು ಸಾವಿರ ಸೆನ್ಸರ್ ಬದಲಿಸಿರಬೇಕು. ಅದರಲ್ಲಿ ಎಷ್ಟು ನಿರಪರಾಧಿಗಳಿದ್ದವೋ ಏನೋ.

ತೋಟದವರೇ, ಪಂಪ್ ಬದಲಿಸಿದ ಮೇಲೆ ಎರಡು ದಿನ ಏಕೆ ಚೆನ್ನಾಗಿತ್ತು ಎಂಬುದೂ ಈಗ ತಿಳಿಯಿತು. ಮಳೆ ಹೊಳವಾಗಿತ್ತು, ತಂತಿ ಒಣಗಿತ್ತು. ಥ್ರಾಟಲ್ ಒರೆಸಿದ ಮಧ್ಯಾಹ್ನವೂ ಹಾಗೆಯೇ. ಪಂಪಿಗೂ ನನಗೂ ಸಿಕ್ಕ ಹೆಸರು ಬಿಸಿಲಿನದು.

ಅಡಿಕೆತೋಟ | ಮಂಗಳವಾರ ಸಂಜೆ 4.30

ಸಿಕ್ಕಿತು. ಪ್ಲಗ್‌ನಿಂದ ಒಂದು ಗೇಣು ಹಿಂದೆ, ಬ್ಯಾಟರಿಯ ಕೆಳಗೆ ತಂತಿ ಬಾಗುವಲ್ಲಿ, ಇಲಿ ಕಡಿದಿದೆ. ಎರಡೂ ತಂತಿಗಳ ಮೇಲ್ಮೈ ಹೋಗಿ ತಾಮ್ರ ಕಾಣುತ್ತಿತ್ತು. ತಾಮ್ರವೂ ತಾಮ್ರವಾಗಿ ಉಳಿದಿರಲಿಲ್ಲ, ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತದ ಬಣ್ಣ ಬಂದಿತ್ತು. ಎರಡರ ನಡುವೆ ಆ ನೀಲಿ-ಹಸಿರು ಹಿಟ್ಟು ಒದ್ದೆಯಾಗಿ ಮೆತ್ತಿಕೊಂಡಿತ್ತು. ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆದೆ, ಒಳಗೆ ಒಣಹುಲ್ಲು ಮತ್ತು ನನ್ನದೇ ಹಳೆಯ ಕೈಚೌಕದ ಚಿಂದಿ. ಮೂರು ವಾರದಲ್ಲಿ ಸಂಸಾರ ಹೂಡಿದ್ದವು.

ಕೆಟ್ಟ ತುಂಡುಗಳನ್ನು ಕತ್ತರಿಸಿ, ಹೊಸ ತಂತಿ ಸೇರಿಸಿ ಜೋಡಿಸಿದೆ. ಖರ್ಚು 40 ರೂಪಾಯಿ. ಈಗ ಪ್ಲಗ್ ಕಿತ್ತರೆ ಮೈನಸ್ 40, ಹಾಕಿದರೆ ಗಾಳಿಗಿಂತ ಎರಡು ಡಿಗ್ರಿ ಹೆಚ್ಚು. ಸೆಲ್ಫ್ ಕೊಟ್ಟೆ. 1,400ಕ್ಕೆ ಏರಿ, ನಿಧಾನವಾಗಿ ಇಳಿದು, ನಿಂತಿತು. ಅಂದರೆ ಎಂಜಿನ್ ಅಲ್ಲ, ಮುಳ್ಳು.

ಹೆಂಡತಿಗೆ ಫ್ಯಾನಿನ ವಿಷಯ ಹೇಳಿದೆ. ‘ನಾನು ಹದಿನೈದು ದಿನದ ಹಿಂದೆಯೇ ಹೇಳಿದ್ದೆನಲ್ಲ’ ಎಂದಷ್ಟೇ ಹೇಳಿ ಒಳಗೆ ಹೋದಳು.

ಘಾಟಿಸವಾರ | ಮಂಗಳವಾರ ಸಂಜೆ 5.10

ಅಭಿನಂದನೆಗಳು. ಇಲಿ ಮತ್ತೆ ಬರುತ್ತದೆ, ಜಾಗದ ರುಚಿ ಹತ್ತಿದೆ. ನಮ್ಮ ಕಡೆ ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟುತ್ತಾರೆ. ನುಸಿಗುಳಿಗೆಯನ್ನೂ ಇಡುತ್ತಾರೆ, ಆದರೆ ಎಸಿ ಹಾಕಿದಾಗ ಅದರ ವಾಸನೆ ಒಳಗೆ ಬಂದು ಕುಳಿತವರೇ ಓಡಿಹೋಗಬೇಕಾಗುತ್ತದೆ.

ಕರಾವಳಿಗ | ಮಂಗಳವಾರ ಸಂಜೆ 6.00

ರಾತ್ರಿ ಬಾನೆಟ್ ತೆರೆದಿಡುವುದು ನನಗೆ ಫಲ ಕೊಟ್ಟಿದೆ. ಬೆಚ್ಚಗಿನ ಕತ್ತಲೆ ಇಲ್ಲದಿದ್ದರೆ ಇಲಿ ಗೂಡು ಕಟ್ಟುವುದಿಲ್ಲ. ಬಾನೆಟ್ಟಿನ ದೀಪ ಇದ್ದರೆ ಬಲ್ಬ್ ತೆಗೆದಿಡಿ, ಇಲ್ಲವಾದರೆ ಬೆಳಿಗ್ಗೆ ಬ್ಯಾಟರಿ ಇಳಿದಿರುತ್ತದೆ. ಕೊಟ್ಟಿಗೆಯ ಹಿಂಡಿ ಚೀಲವನ್ನು ಕಾರಿನಿಂದ ದೂರ ಇಡುವುದು ಎಲ್ಲಕ್ಕಿಂತ ಮುಖ್ಯ.

ಹಳೇಮೇಸ್ತ್ರಿ | ಮಂಗಳವಾರ ರಾತ್ರಿ 8.45

ಒಂದೇ ಪ್ರಶ್ನೆ. ತಂತಿಗಳನ್ನು ಬೆಸುಗೆ ಹಾಕಿ, ಒಂದೊಂದಕ್ಕೂ ಬೇರೆ ಬೇರೆ ಶಾಖಕ್ಕೆ ಕುಗ್ಗುವ ಕೊಳವೆ ಹಾಕಿದಿರೋ, ಇಲ್ಲವೇ ತಿರುಚಿ ಮೇಲೆ ಟೇಪ್ ಸುತ್ತಿದಿರೋ? ಬರೀ ಟೇಪ್ ಆದರೆ ಎಂಜಿನ್ ಶಾಖಕ್ಕೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಆಗುಂಬೆಯ ಮಳೆ ಮುಂದಿನ ವರ್ಷದವರೆಗೆ ಕಾಯುವುದಿಲ್ಲ.

ಅಡಿಕೆತೋಟ | ಮಂಗಳವಾರ ರಾತ್ರಿ 8.52

ಟೇಪ್. ಟಾರ್ಚ್ ಹುಡುಕುತ್ತಿದ್ದೇನೆ.